ಸೈಟ್ ಸರಿಯಾಗೇ ಇದೆ, ಆದರೂ ಬುಕಿಂಗ್ ಆಗುತ್ತಿಲ್ಲ: ಎಲ್ಲಿ ನಿಂತಿತು ಅಂತ ಹುಡುಕುವುದು ಹೇಗೆ

ಕಳೆದ ಜುಲೈನಲ್ಲಿ ಹೊಸನಗರದ ಕಡೆಯ ಒಂದು ಹೋಮ್‌ಸ್ಟೇ ಮಾಲೀಕರು ಫೋನ್ ಮಾಡಿದರು. "ಸೈಟ್ ಕೆಟ್ಟಿದೆಯಂತೆ, ಯಾರೋ ಬುಕ್ ಮಾಡೋಕೆ ಹೋದರೆ ಆಗ್ಲಿಲ್ವಂತೆ, ಸ್ವಲ್ಪ ನೋಡಿ." ನಾನು ಶಿವಮೊಗ್ಗದಲ್ಲಿ ಕೂತು ಸೈಟ್ ತೆರೆದೆ. ಹಿನ್ನೀರಿನ ಫೋಟೊ ಬಂತು, ರೂಮುಗಳು ಬಂದವು, ದಿನಾಂಕ ಒತ್ತಿದೆ, ಹೆಸರು ತುಂಬಿದೆ, ದುಡ್ಡು ಕಟ್ಟುವ ಪುಟದವರೆಗೂ ಹೋದೆ. ಎಲ್ಲೂ ತಡೆಯಲಿಲ್ಲ. "ನಿಮ್ಮ ಕಡೆ ಏನೂ ತೊಂದರೆ ಇಲ್ಲ, ಅವರ ನೆಟ್‌ವರ್ಕ್ ಇರಬೇಕು" ಅಂದುಬಿಟ್ಟೆ. ಮಳೆಗಾಲ ಬೇರೆ. ನಮ್ಮ ಕಡೆ ಜುಲೈನಲ್ಲಿ ಏನು ಕೆಟ್ಟರೂ ಮಳೆಯ ಮೇಲೆ ಹಾಕುವುದು ಸುಲಭ.

ಎರಡು ದಿನ ಬಿಟ್ಟು ಆ ಗ್ರಾಹಕರಿಗೆ ನಾನೇ ಫೋನ್ ಮಾಡಿದೆ. ಮೈಸೂರಿನವರು, ಬ್ಯಾಂಕಿನಲ್ಲಿ ಕೆಲಸ, ಕಣ್ಣು ಕಾಣುವುದಿಲ್ಲ. ದಿನವಿಡೀ ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್, ಇಟ್ಟುಕೊಂಡೇ ಕಂಪ್ಯೂಟರ್ ಮತ್ತು ಮೊಬೈಲ್ ಬಳಸುತ್ತಾರೆ. "ನಿಮ್ಮ ಸೈಟ್ ನನಗೆ ಹೇಗೆ ಕೇಳಿಸುತ್ತದೆ ಅಂತ ನೀವೇ ಕೇಳಿ" ಅಂತ ಪಕ್ಕದ ಇನ್ನೊಂದು ಫೋನಿನಲ್ಲಿ ಸೈಟ್ ತೆರೆದರು. ಆ ಫೋನ್ ಓದಿತು: "ಬಟನ್. ಬಟನ್. ಬಟನ್. ಐಎಂಜಿ ಅಂಡರ್‌ಸ್ಕೋರ್ 4471. ಲಿಂಕ್. ಎಡಿಟ್ ಬಾಕ್ಸ್. ಎಡಿಟ್ ಬಾಕ್ಸ್."

ಅಷ್ಟೇ. ಹಿನ್ನೀರೂ ಇಲ್ಲ, ರೂಮೂ ಇಲ್ಲ, ದರವೂ ಇಲ್ಲ. "ಮೂರು ಸಲ ಪ್ರಯತ್ನಪಟ್ಟೆ, ದಿನಾಂಕದ ಹತ್ತಿರ ನಿಂತುಹೋಗುತ್ತೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದು ಎಷ್ಟೋ ಸೈಟುಗಳಲ್ಲಿ ಆಗಿ ಆಗಿ ಅಭ್ಯಾಸವಾದವರ ಹಾಗೆ ಹೇಳಿದರು. ಸಿಟ್ಟು ಮಾಡಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ನೆಟ್‌ವರ್ಕ್ ಸರಿಯಾಗೇ ಇತ್ತು. ತಪ್ಪು ಇದ್ದದ್ದು ನಾನು ಬರೆದ ಕೋಡ್‌ನಲ್ಲಿ. ಆಮೇಲೆ ಸಾಗರದ ಒಂದು ಉಪ್ಪಿನಕಾಯಿ ಅಂಗಡಿ, ತೀರ್ಥಹಳ್ಳಿಯ ಒಂದು ಕ್ಲಿನಿಕ್, ದುರ್ಗಿಗುಡಿಯ ಒಂದು ಬಟ್ಟೆ ಅಂಗಡಿ ಅಂತ ಇದೇ ರೀತಿ ಹಲವು ಸೈಟುಗಳ ದೋಷ ಹುಡುಕಿದೆ. ಎಲ್ಲ ಕಡೆ ಹೆಚ್ಚು ಕಡಿಮೆ ಅವೇ ತಪ್ಪುಗಳು. ಹುಡುಕುವ ದಾರಿ ಗೊತ್ತಿದ್ದರೆ ಒಂದು ಮಧ್ಯಾಹ್ನದಲ್ಲಿ ಬಹಳಷ್ಟು ಸಿಗುತ್ತವೆ. ಆ ದಾರಿ ಬರೆಯುತ್ತೇನೆ.

ಎಲ್ಲಿ ನಿಂತಿತು ಅಂತ ಮೊದಲು ಕೇಳಿ

"ಸೈಟ್ ಕೆಲಸ ಮಾಡ್ತಿಲ್ಲ" ಅಂತ ದೂರು ಬಂದರೆ ನಾವು ಮಾಡುವ ಮೊದಲ ಕೆಲಸ ನಮ್ಮ ಫೋನಿನಲ್ಲಿ ತೆರೆದು ನೋಡುವುದು. ಈ ಜಾತಿಯ ದೋಷಕ್ಕೆ ಅದರಿಂದ ಏನೂ ಸಿಗುವುದಿಲ್ಲ, ಯಾಕಂದರೆ ನಾವು ಕಣ್ಣಿಂದ ನೋಡಿ ಬೆರಳಿಂದ ಒತ್ತುತ್ತೇವೆ, ಅವರು ಹಾಗೆ ಮಾಡುವುದಿಲ್ಲ. ಅದಕ್ಕೇ ಕೇಳಬೇಕು. ಫೋನಾ, ಕಂಪ್ಯೂಟರಾ? ಸ್ಕ್ರೀನ್ ರೀಡರ್ ಬಳಸುತ್ತೀರಾ, ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತೀರಾ, ಮೌಸ್ ಹಿಡಿಯೋಕೆ ಕಷ್ಟವಾ? ಎಲ್ಲಿಯವರೆಗೆ ಹೋದಿರಿ? ಕೊನೆಗೆ ಏನು ಕೇಳಿಸಿತು, ಏನು ಕಾಣಿಸಿತು?

ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಕೇಳುವಾಗ ಸಂಕೋಚ ಬೇಡ, ಅನುಕಂಪವೂ ಬೇಡ. ಟಿವಿ ರಿಪೇರಿಯವರು "ದನಿ ಬರ್ತಿದೆಯಾ, ಚಿತ್ರ ಬರ್ತಿಲ್ವಾ" ಅಂತ ಕೇಳುವ ಹಾಗೆ ಕೇಳಿ.

ಆಮೇಲೆ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಇಡೀ ಸೈಟ್ ಪರೀಕ್ಷೆ ಮಾಡೋಕೆ ಹೋಗಬೇಡಿ, ದಾರಿ ತಪ್ಪುತ್ತೀರಿ. ಹೋಮ್‌ಸ್ಟೇ ಆದರೆ ರೂಮ್ ಬುಕ್ ಮಾಡುವುದು. ಉಪ್ಪಿನಕಾಯಿ ಅಂಗಡಿ ಆದರೆ ಒಂದು ಕೆಜಿ ಅಪ್ಪೆಮಿಡಿ ಆರ್ಡರ್ ಮಾಡುವುದು. ಮುಖಪುಟದಿಂದ ಶುರು ಮಾಡಿ "ನಿಮ್ಮ ಆರ್ಡರ್ ಬಂತು" ಅನ್ನುವವರೆಗಿನ ಆ ಒಂದು ದಾರಿಯನ್ನು ಹಿಡಿದು ನಡೆಯಬೇಕು.

ಮೌಸ್ ತೆಗೆದು ಪಕ್ಕಕ್ಕಿಡಿ

ಲ್ಯಾಪ್‌ಟಾಪಿನಲ್ಲಿ ಸೈಟ್ ತೆರೆದು ಮೌಸ್ ಮುಟ್ಟದೆ ಕೆಲಸ ಮುಗಿಸಲು ಪ್ರಯತ್ನಿಸಿ. ಟ್ಯಾಬ್ ಒತ್ತಿದರೆ ಮುಂದೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದೆ, ಎಂಟರ್ ಅಥವಾ ಸ್ಪೇಸ್ ಒತ್ತಿದರೆ ಆಯ್ಕೆ. ಸಾಫ್ಟ್‌ವೇರ್ ಏನೂ ಬೇಡ, ಐದು ನಿಮಿಷ ಸಾಕು, ಆದರೆ ಇಷ್ಟು ದೋಷ ಹಿಡಿದುಕೊಡುವ ಪರೀಕ್ಷೆ ಇನ್ನೊಂದಿಲ್ಲ.

ಇಲ್ಲಿ ಮೂರು ರೋಗ ಕಾಣಿಸಬಹುದು.

ಟ್ಯಾಬ್ ಒತ್ತುತ್ತಾ ಹೋಗುತ್ತೀರಿ, ಎಲ್ಲಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ಫೋಕಸ್ ಇರುವ, ಅಂದರೆ ಟ್ಯಾಬ್ ಬಂದು ನಿಂತಿರುವ ಬಟನ್ ಸುತ್ತ ಬ್ರೌಸರ್ ಒಂದು ಗೆರೆ ಹಾಕುತ್ತದೆ, ಅದನ್ನು ಯಾರೋ "ಚೆನ್ನಾಗಿ ಕಾಣಲ್ಲ" ಅಂತ ಪುಟದ ರೂಪ ಹೇಳುವ ಸಿಎಸ್ಎಸ್‌ನಲ್ಲಿ ತೆಗೆದಿರುತ್ತಾರೆ. ಔಟ್‌ಲೈನ್ ನನ್ (outline: none) ಅಂತ ಬರೆದಿರುವ ಸಾಲು ಹುಡುಕಿ ಅಳಿಸಿ. ಬಣ್ಣ ಇಷ್ಟ ಇಲ್ಲದಿದ್ದರೆ ಬೇರೆ ಬಣ್ಣದ ದಪ್ಪ ಗೆರೆ ಹಾಕಿ, ಆದರೆ ಗೆರೆ ಇರಲೇಬೇಕು.

ಎರಡನೆಯದು, ಟ್ಯಾಬ್ ಕೆಲವು ಬಟನ್ ಮೇಲೆ ನಿಲ್ಲದೆ ಹಾರಿಹೋಗುತ್ತದೆ. ಕಣ್ಣಿಗೆ ಅದು ಬಟನ್, ಹಸಿರು ಬಣ್ಣ, ದುಂಡು ಅಂಚು, ಎಲ್ಲ ಇದೆ. ಕೋಡ್ ತೆರೆದು ನೋಡಿದರೆ ಅದು ಬಟನ್ನೇ ಅಲ್ಲ, ಒಂದು ಡಿವ್ (ಬರೀ ಖಾಲಿ ಡಬ್ಬಿ), ಅದಕ್ಕೆ ಒತ್ತಿದಾಗ ಕೆಲಸ ಮಾಡುವ ಆನ್‌ಕ್ಲಿಕ್ ಅಂಟಿಸಿದ್ದಾರೆ. ಕೀಬೋರ್ಡಿಗೆ ಡಿವ್ ಅಂದರೆ ಗೋಡೆ. ನನ್ನ ಹೋಮ್‌ಸ್ಟೇ ಸೈಟಿನಲ್ಲಿ "ಈಗಲೇ ಬುಕ್ ಮಾಡಿ" ಅನ್ನುವುದೇ ಡಿವ್ ಆಗಿತ್ತು. ಎಚ್‌ಟಿಎಂಎಲ್‌ನಲ್ಲಿ ಬಟನ್ ಅಂತಲೇ ಒಂದು ಟ್ಯಾಗ್ ಇದೆ, ಅದನ್ನು ಹಾಕಿದರೆ ಫೋಕಸ್, ಎಂಟರ್, ಸ್ಪೇಸ್, ಸ್ಕ್ರೀನ್ ರೀಡರ್ ಹೇಳುವ "ಬಟನ್" ಅನ್ನುವ ಮಾತು, ಎಲ್ಲ ತಾನೇ ಬರುತ್ತದೆ. ಬದಲಾಯಿಸಲು ಎರಡು ನಿಮಿಷ ಹಿಡಿಯಿತು.

ಮೂರನೆಯದು ಸಿಕ್ಕಿಬೀಳುವುದು. ಒಂದು ಪಾಪ್‌ಅಪ್ ಬರುತ್ತದೆ, "ಮಳೆಗಾಲದ ರಿಯಾಯಿತಿ" ಅಂತಲೋ ಏನೋ, ಒಳಗೆ ಹೋದ ಫೋಕಸ್ ಹೊರಗೆ ಬರುವುದಿಲ್ಲ, ಮುಚ್ಚುವ ಗುರುತು ಮೌಸ್‌ಗೆ ಮಾತ್ರ ಸಿಗುತ್ತದೆ. ಎಸ್ಕೇಪ್ ಒತ್ತಿದರೆ ಮುಚ್ಚಬೇಕು, ಮುಚ್ಚಿದ ಮೇಲೆ ಮೊದಲಿದ್ದ ಜಾಗಕ್ಕೇ ವಾಪಸ್ ಬರಬೇಕು. ನಿಜ ಹೇಳಬೇಕು ಅಂದರೆ ಸಣ್ಣ ಅಂಗಡಿಯ ಸೈಟಿಗೆ ಪಾಪ್‌ಅಪ್ ಬೇಕಾಗೇ ಇಲ್ಲ. ತೆಗೆದುಹಾಕಿ.

ಕೀಬೋರ್ಡ್ ದಾರಿ ಸರಿಯಾದರೆ ಕಣ್ಣು ಕಾಣದವರಿಗೆ ಮಾತ್ರ ಅನುಕೂಲ ಅಂದುಕೊಳ್ಳಬೇಡಿ. ಕೈ ನಡುಗುವವರು, ಪಾರ್ಶ್ವವಾಯು ಆಗಿ ಒಂದೇ ಕೈಯಲ್ಲಿ ಟೈಪ್ ಮಾಡುವವರು, ಮೌಸ್ ಹಿಡಿಯಲಾರದೆ ಬೇರೆ ಸಾಧನ ಬಳಸುವವರು, ಇವರೆಲ್ಲ ಬರುವುದು ಇದೇ ದಾರಿಯಲ್ಲಿ.

ಇನ್ನು ಕಿವಿಯಿಂದ ಓದಿ

ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಕಣ್ಣು ಕಾಣದ ಯುವಕನೊಬ್ಬ, ದುಬಾರಿ ಸಾಫ್ಟ್‌ವೇರ್ ಕೊಳ್ಳಲಾಗದವರಿಗಾಗಿ ಅಂತಲೇ ಶುರು ಮಾಡಿದ್ದು. ಅದರ ಜೊತೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡವೂ ಬರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತವೆ, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದರೆ ಆಯಿತು.

ಟಾಕ್‌ಬ್ಯಾಕ್ ಆನ್ ಮಾಡುವ ಮೊದಲು ಒಂದು ಮಾತು. ಆನ್ ಆದ ಮೇಲೆ ಫೋನ್ ಮುಟ್ಟುವ ರೀತಿಯೇ ಬದಲಾಗುತ್ತದೆ. ಬಲಕ್ಕೆ ಸವರಿದರೆ ಮುಂದಿನ ವಸ್ತುವಿಗೆ ಹೋಗುತ್ತದೆ, ಎರಡು ಸಲ ತಟ್ಟಿದರೆ ಒತ್ತಿದ ಹಾಗೆ. ಇದು ಗೊತ್ತಿಲ್ಲದೆ ಆನ್ ಮಾಡಿದರೆ ಆಫ್ ಮಾಡಲು ಒದ್ದಾಡುತ್ತೀರಿ. ಎರಡೂ ವಾಲ್ಯೂಮ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿಯುವ ಶಾರ್ಟ್‌ಕಟ್ ಇದೆ, ಅದನ್ನು ಮೊದಲೇ ಸೆಟ್ ಮಾಡಿಟ್ಟುಕೊಳ್ಳಿ.

ಎನ್‌ವಿಡಿಎ ಶುರು ಮಾಡಿದ ಮೇಲೆ ಇನ್ಸರ್ಟ್ ಹಿಡಿದು ಎಫ್7 ಒತ್ತಿ. ಪುಟದ ಲಿಂಕು, ತಲೆಬರಹ, ಫಾರ್ಮ್ ಖಾನೆ, ಬಟನ್‌ಗಳ ಪಟ್ಟಿ ಬರುತ್ತದೆ. ಕಣ್ಣು ಕಾಣುವವರು ಪುಟದ ಮೇಲೆ ಒಮ್ಮೆ ಕಣ್ಣು ಹಾಯಿಸುವುದಕ್ಕೆ ಇದು ಸಮ. ಆ ಪಟ್ಟಿಯಲ್ಲಿ "ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇನ್ನಷ್ಟು, ಇನ್ನಷ್ಟು" ಅಂತ ಕಂಡರೆ ನಿಮ್ಮ ಲಿಂಕುಗಳಿಗೆ ಸರಿಯಾದ ಹೆಸರಿಲ್ಲ ಅಂತ ಅರ್ಥ. ತಲೆಬರಹದ ಪಟ್ಟಿ ಖಾಲಿ ಇದ್ದರೆ, ದಪ್ಪ ಅಕ್ಷರ ಮಾಡಿ ತಲೆಬರಹದ ಹಾಗೆ ಕಾಣಿಸಿದ್ದೀರಿ, ಎಚ್1, ಎಚ್2 ಟ್ಯಾಗ್ ಹಾಕಿಲ್ಲ. ಸ್ಕ್ರೀನ್ ರೀಡರ್ ಬಳಸುವವರು ಎಚ್ ಕೀಲಿ ಒತ್ತುತ್ತಾ ತಲೆಬರಹದಿಂದ ತಲೆಬರಹಕ್ಕೆ ಹೋಗುತ್ತಾರೆ, ಆ ಮೆಟ್ಟಿಲೇ ಇಲ್ಲದಿದ್ದರೆ ಇಡೀ ಪುಟ ಮೊದಲಿನಿಂದ ಕೇಳುತ್ತಾ ಕೂರಬೇಕು.

ಬರೀ "ಬಟನ್, ಬಟನ್" ಅಂತ ಕೇಳಿಸಿದರೆ, ಬಟನ್ ಒಳಗೆ ಬರಹ ಇಲ್ಲ, ಐಕಾನ್ ಮಾತ್ರ ಇದೆ. ಮೆನುವಿನ ಮೂರು ಗೆರೆ, ಕಾರ್ಟ್ ಚಿತ್ರ, ವಾಟ್ಸಾಪ್ ಗುರುತು. ಪ್ರತಿಯೊಂದಕ್ಕೂ ಏರಿಯಾ ಲೇಬಲ್ (aria-label), ಅಂದರೆ ಸ್ಕ್ರೀನ್ ರೀಡರ್ ಓದುವ ಹೆಸರು, ಕೊಡಿ: "ಮೆನು", "ಕಾರ್ಟ್", "ವಾಟ್ಸಾಪ್‌ನಲ್ಲಿ ಕೇಳಿ". ಬರೀ "ಎಡಿಟ್ ಬಾಕ್ಸ್" ಅಂತ ಕೇಳಿಸಿದರೆ, ಖಾನೆಗೆ ಲೇಬಲ್ ಇಲ್ಲ. ಖಾನೆಯ ಒಳಗೆ ಬೂದು ಬಣ್ಣದಲ್ಲಿ "ನಿಮ್ಮ ಹೆಸರು" ಅಂತ ಬರೆದಿರುತ್ತೇವೆ, ಅದು ಪ್ಲೇಸ್‌ಹೋಲ್ಡರ್, ಲೇಬಲ್ ಅಲ್ಲ. ಟೈಪ್ ಮಾಡಲು ಶುರು ಮಾಡಿದ ತಕ್ಷಣ ಅದು ಮಾಯ. ಮರೆವು ಇರುವವರಿಗೂ, ಮಧ್ಯದಲ್ಲಿ ಫೋನ್ ಬಂದು ವಾಪಸ್ ಬಂದವರಿಗೂ ಅದು ಯಾವ ಖಾನೆ ಅಂತ ತಿಳಿಯುವುದಿಲ್ಲ. ಲೇಬಲ್ ಟ್ಯಾಗ್ ಬರೆದು ಅದರ ಫಾರ್ (for) ಮತ್ತು ಖಾನೆಯ ಐಡಿ (id) ಒಂದೇ ಇರುವ ಹಾಗೆ ನೋಡಿಕೊಳ್ಳಿ.

ತಪ್ಪು ತುಂಬಿದಾಗ ಏನಾಗುತ್ತದೆ ಅಂತಲೂ ಪರೀಕ್ಷಿಸಿ. ಬೇಕಂತಲೇ ಒಂಬತ್ತು ಅಂಕಿಯ ಮೊಬೈಲ್ ನಂಬರ್ ಹಾಕಿ. ನನ್ನ ಫಾರ್ಮ್‌ನಲ್ಲಿ ಖಾನೆ ಸುತ್ತ ಕೆಂಪು ಗೆರೆ ಬರುತ್ತಿತ್ತು, ಅಷ್ಟೇ. ಕಣ್ಣು ಕಾಣದವರಿಗೆ ಏನೂ ಆಗಿಲ್ಲ, ಬಟನ್ ಒತ್ತಿದರೂ ಮೌನ. ಕೆಂಪು ಹಸಿರು ಬೇರೆ ಮಾಡಲಾಗದವರಿಗೂ ಅದೇ ಕಥೆ. "ಮೊಬೈಲ್ ನಂಬರ್‌ನಲ್ಲಿ 10 ಅಂಕಿ ಇರಬೇಕು" ಅಂತ ಖಾನೆಯ ಕೆಳಗೆ ಬರೆದು, ಅದನ್ನು ಸ್ಕ್ರೀನ್ ರೀಡರ್ ತಾನೇ ಓದುವ ಹಾಗೆ ರೋಲ್ ಅಲರ್ಟ್ (role=alert) ಹಾಕಿದೆ.

ಕನ್ನಡ ಪುಟ ಮಾತಾಡದಿದ್ದರೆ

ಇದು ನಮ್ಮದೇ ವಿಶೇಷ ರೋಗ, ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳಲ್ಲಿ ಸಿಗುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಪುಟದಲ್ಲಿ ಕನ್ನಡ ಚೆನ್ನಾಗಿ ಕಾಣುತ್ತಿದೆ, ಆದರೆ ಸ್ಕ್ರೀನ್ ರೀಡರ್ ತಡವರಿಸುತ್ತದೆ ಅಥವಾ ಹಾರಿಸಿಬಿಡುತ್ತದೆ. ಮೊದಲು ನೋಡಬೇಕಾದ್ದು ಪುಟದ ಮೊದಲ ಟ್ಯಾಗ್‌ನಲ್ಲಿರುವ ಲ್ಯಾಂಗ್ (lang), ಪುಟ ಯಾವ ಭಾಷೆಯದು ಅಂತ ಹೇಳುವುದು ಅದು. ರೆಡಿಮೇಡ್ ಟೆಂಪ್ಲೇಟ್ ತಂದಿರುತ್ತೇವೆ, ಅದರಲ್ಲಿ ಇಎನ್ (en) ಅಂತ ಇರುತ್ತದೆ, ಅಂದರೆ "ಇದು ಇಂಗ್ಲಿಷ್ ಪುಟ" ಅಂತ ನಾವೇ ಹೇಳಿದ ಹಾಗೆ. ಸ್ಕ್ರೀನ್ ರೀಡರ್ ಅದನ್ನು ನಂಬಿ ಇಂಗ್ಲಿಷ್ ಧ್ವನಿಯಲ್ಲಿ ಕನ್ನಡ ಓದಲು ಹೋಗುತ್ತದೆ. ಕೆಎನ್ (kn) ಅಂತ ಬದಲಾಯಿಸಿ. ಪುಟ ಕನ್ನಡದ್ದು, ಮಧ್ಯೆ ಒಂದು ಪ್ಯಾರಾ ಇಂಗ್ಲಿಷಿನಲ್ಲಿದೆ ಅಂದರೆ ಆ ಪ್ಯಾರಾಕ್ಕೆ ಮಾತ್ರ ಇಎನ್ ಹಾಕಿ. ಒಂದೇ ಅಕ್ಷರದ ಬದಲಾವಣೆ, ಪುಟಕ್ಕೆ ಬಾಯಿ ಬರುತ್ತದೆ.

ಅದು ಸರಿ ಇದ್ದೂ ಅರ್ಥವಿಲ್ಲದ ಸದ್ದು ಬಂದರೆ, ಬರಹ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಗುರುತು ಇರುವ ಪದ್ಧತಿ) ಹೌದಾ ಅಲ್ವಾ ನೋಡಿ. ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕರಪತ್ರ, ಮೆನು ಕಾರ್ಡ್, ದರಪಟ್ಟಿ ಇನ್ನೂ ಬೇಕಾದಷ್ಟಿವೆ, ಅದನ್ನೇ ಕಾಪಿ ಮಾಡಿ ಸೈಟಿಗೋ ಪಿಡಿಎಫ್‌ಗೋ ಹಾಕುತ್ತಾರೆ. ಹಳೆಯ ನುಡಿಯಲ್ಲಿ "ಕನ್ನಡ" ಅಂತ ಕಾಣುವ ಪದದ ಒಳಗೆ ಇರುವುದು ಇಂಗ್ಲಿಷಿನ ದೊಡ್ಡ ಪಿ, ಆಮೇಲೆ ತಲೆಯ ಮೇಲೆ ಗೀರಿರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಕೊನೆಯ ಹತ್ತಿರ ಒಂದು ಸಣ್ಣ ಕ್ಯೂ. ಫಾಂಟ್ ಅದರ ಮೇಲೆ ಕನ್ನಡದ ಬಟ್ಟೆ ಹೊದಿಸಿರುತ್ತದೆ, ಅಷ್ಟೇ. ಕಣ್ಣಿಗೆ ಬಟ್ಟೆ ಕಾಣುತ್ತದೆ, ಕಿವಿಗೆ ಒಳಗಿರುವುದು ಕೇಳಿಸುತ್ತದೆ: "ಪಿ, ಎ, ಪೌಂಡ್".

ಪತ್ತೆ ಮಾಡುವುದು ಸುಲಭ. ಆ ಬರಹ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗೇ ಉಳಿದರೆ ಯೂನಿಕೋಡ್. ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಹಳೆಯ ಫಾಂಟು. ಬದಲಾಯಿಸಿಕೊಡುವ ಕನ್ವರ್ಟರ್‌ಗಳು ಇವೆ, ಹೊಸ ನುಡಿಯಲ್ಲೇ ಯೂನಿಕೋಡ್ ಇದೆ. ಬದಲಾಯಿಸಿದ ಮೇಲೆ ಒಮ್ಮೆ ಓದಿ ನೋಡಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಕಡೆ ತಪ್ಪು ಉಳಿದಿರುತ್ತದೆ. ಯೂನಿಕೋಡ್ ಆದರೆ ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕುವವರಿಗೂ ನಿಮ್ಮ ಅಂಗಡಿ ಸಿಗುತ್ತದೆ, ಇಷ್ಟು ದಿನ ಅದೂ ಇರಲಿಲ್ಲ.

ದರಪಟ್ಟಿ ಚಿತ್ರವಾಗಿದ್ದರೆ

ಸಾಗರದ ಆ ಉಪ್ಪಿನಕಾಯಿ ಅಂಗಡಿಯಲ್ಲಿ ಎಲ್ಲ ಬೆಲೆಯೂ ಒಂದು ಪೋಸ್ಟರ್ ಒಳಗಿತ್ತು. ಮಿಡಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಎದುರಿಗೆ ಬೆಲೆ, ಹಿಂದೆ ತೋಟದ ಚಿತ್ರ. ವಾಟ್ಸಾಪ್ ಸ್ಟೇಟಸ್‌ಗೆ ಮಾಡಿಸಿದ್ದನ್ನೇ ಸೈಟಿಗೂ ಹಾಕಿದ್ದರು. ಸ್ಕ್ರೀನ್ ರೀಡರ್‌ಗೆ ಅದು ಒಂದು ಫೈಲಿನ ಹೆಸರು ಮಾತ್ರ. ಕಣ್ಣು ಮಂಜಾದ ಹಿರಿಯರು ದೊಡ್ಡದು ಮಾಡಿದರೆ ಚಿತ್ರ ಒಡೆದು ಅಕ್ಷರವೇ ಕರಗುತ್ತದೆ. ನೆಟ್ ಮೆಲ್ಲಗಿರುವ ಊರಿನಲ್ಲಿ ಆ ಚಿತ್ರ ಬರುವುದೇ ಇಲ್ಲ.

ಇದಕ್ಕೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ವಿವರಣೆ, ಬರೆದರೆ ಸಾಲದು. ಹದಿನೆಂಟು ಬೆಲೆಯನ್ನು ಒಂದೇ ಉಸಿರಿನ ಆಲ್ಟ್‌ನಲ್ಲಿ ತುರುಕಿದರೆ ಯಾರೂ ಕೇಳಿಸಿಕೊಳ್ಳಲಾರರು. ನಿಜವಾದ ಟೇಬಲ್ ಮಾಡಿ, ಮೇಲಿನ ಸಾಲಿನಲ್ಲಿ "ಪದಾರ್ಥ, ತೂಕ, ಬೆಲೆ" ಅಂತ ತಲೆಸಾಲಿನ ಟ್ಯಾಗ್ ಹಾಕಿ. ಆಗ ಎನ್‌ವಿಡಿಎಯಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಲಿ ಹಿಡಿದು ಸಾಲು ಸಾಲಾಗಿ ಹೋಗಬಹುದು, ಯಾವ ಕಾಲಮ್ಮಿಗೆ ಬಂದೆವು ಅಂತ ಅದೇ ಹೇಳುತ್ತದೆ. ಅಡಿಕೆ ಧಾರಣೆ ಹಾಕುವ ಸೈಟುಗಳಿಗೂ ಇದೇ ಮಾತು. ರಾಶಿ, ಬೆಟ್ಟೆ, ಗೊರಬಲು, ಸರಕು, ಇವುಗಳ ಕನಿಷ್ಠ ಗರಿಷ್ಠ ಬೆಲೆ ಚಿತ್ರದಲ್ಲಿದ್ದರೆ ಕಣ್ಣು ಕಾಣದ ಬೆಳೆಗಾರ ಪಕ್ಕದ ಮನೆಯವರನ್ನು ಕೇಳಬೇಕು. ತನ್ನ ತೋಟದ ಬೆಲೆ ತಿಳಿಯಲು ಇನ್ನೊಬ್ಬರ ಕಣ್ಣು ಯಾಕೆ ಬೇಕು?

ಆಲ್ಟ್ ಬೇಕಾಗಿರುವುದು ಬೇರೆ ಚಿತ್ರಗಳಿಗೆ. "ಫೋಟೊ" ಅಂತ ಬರೆಯಬೇಡಿ, ಅದು ಚಿತ್ರ ಅಂತ ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ನೀವು ಫೋನಿನಲ್ಲಿ ಒಬ್ಬರಿಗೆ ಆ ಚಿತ್ರದ ಬಗ್ಗೆ ಹೇಗೆ ಹೇಳುತ್ತೀರೋ ಹಾಗೆ ಬರೆಯಿರಿ: "ಎರಡು ಮಂಚದ ರೂಮ್, ಕಿಟಕಿಯಾಚೆ ಅಡಿಕೆ ತೋಟ". ಅಂಚಿನ ಬಳ್ಳಿ, ಎಲೆ, ಗೆರೆ, ಇಂಥ ಅಲಂಕಾರಕ್ಕೆ ಆಲ್ಟ್ ಖಾಲಿ ಬಿಡಿ. ಖಾಲಿ ಬಿಡುವುದು ಬೇರೆ, ಬರೆಯದೇ ಇರುವುದು ಬೇರೆ. ಬರೆಯದೇ ಹೋದರೆ ಫೈಲಿನ ಹೆಸರು ಓದುತ್ತದೆ, ಖಾಲಿ ಬಿಟ್ಟರೆ ದಾಟಿ ಹೋಗುತ್ತದೆ.

ಕ್ಯಾಲೆಂಡರ್ ಹತ್ತಿರ ನಿಂತರೆ

ಮೈಸೂರಿನ ಆ ಗ್ರಾಹಕರು ನಿಂತಿದ್ದು ಇಲ್ಲೇ. ಬೇರೆಯವರು ಬರೆದ ಸುಂದರ ಕ್ಯಾಲೆಂಡರ್ ತಂದು ಹಾಕಿದ್ದೆ, ಪ್ರತಿ ದಿನಾಂಕವೂ ಒಂದು ಡಿವ್. ಖಾನೆಗೆ ನೇರವಾಗಿ ಟೈಪ್ ಮಾಡದ ಹಾಗೆ ಬೀಗ ಬೇರೆ. ಕೀಬೋರ್ಡಿನಿಂದ ಒಳಗೆ ಹೋಗಲು ಆಗದು, ಹೊರಗಿಂದ ಬರೆಯಲೂ ಆಗದು.

ಮೂರು ದಿನ ಅದನ್ನೇ ರಿಪೇರಿ ಮಾಡಲು ನೋಡಿದೆ. ಕೊನೆಗೆ ಕಿತ್ತೆಸೆದು ಬ್ರೌಸರಿನದೇ ಡೇಟ್ ಖಾನೆ ಹಾಕಿದೆ. ನೋಡಲು ಸಾದಾ. ಆದರೆ ಟೈಪ್ ಮಾಡಬಹುದು, ಬಾಣದ ಕೀಲಿಯಲ್ಲಿ ಬದಲಾಯಿಸಬಹುದು, ಫೋನಿನಲ್ಲಿ ಫೋನಿನದೇ ಕ್ಯಾಲೆಂಡರ್ ತೆರೆಯುತ್ತದೆ. ರೂಮ್ ಖಾಲಿ ಇಲ್ಲದ ದಿನಗಳನ್ನು ಬೂದು ಬಣ್ಣದಲ್ಲಿ ತೋರಿಸುತ್ತಿದ್ದೆ, ಈಗ ದಿನಾಂಕ ಹಾಕಿದ ಮೇಲೆ "ಆ ದಿನ ರೂಮ್ ಇದೆ" ಅಥವಾ "ಇಲ್ಲ, ಹತ್ತಿರದ ಖಾಲಿ ದಿನ ಇದು" ಅಂತ ಮಾತಿನಲ್ಲೇ ಬರುತ್ತದೆ. ಮಾಲೀಕರಿಗೆ ಮೊದಲು ಇಷ್ಟವಾಗಲಿಲ್ಲ. ಆಮೇಲೆ ಅವರ ತಾಯಿಯೇ, ಎಪ್ಪತ್ತು ದಾಟಿದವರು, ಯಾರನ್ನೂ ಕೇಳದೆ ಅದರಲ್ಲಿ ಬುಕಿಂಗ್ ನೋಡಿದರಂತೆ.

ಕ್ಯಾಪ್ಚಾ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ವಕ್ರ ಅಕ್ಷರ ಓದಿ ಬರೆಯಿರಿ ಅನ್ನುವುದು ಕಣ್ಣು ಕಾಣದವರಿಗೆ ಮುಚ್ಚಿದ ಬಾಗಿಲು. ಸಣ್ಣ ಸೈಟಿಗೆ ಕಣ್ಣಿಗೆ ಕಾಣದ ಒಂದು ಖಾಲಿ ಖಾನೆ ಇಟ್ಟು, ಅದನ್ನು ತುಂಬಿದ್ದು ಯಂತ್ರ ಅಂತ ತಿರಸ್ಕರಿಸುವ ಉಪಾಯ ಸಾಕು. ಆ ಖಾನೆ ಸ್ಕ್ರೀನ್ ರೀಡರ್‌ಗೂ ಟ್ಯಾಬ್‌ಗೂ ಸಿಗದ ಹಾಗೆ ಅಡಗಿಸಬೇಕು, ಇಲ್ಲದಿದ್ದರೆ ಮನುಷ್ಯರೇ ತುಂಬಿ ಸಿಕ್ಕಿಬೀಳುತ್ತಾರೆ.

ಕಾಣುತ್ತದೆ, ಆದರೆ ಓದಲು ಆಗುತ್ತಿಲ್ಲ

ವೆಬ್‌ಏಮ್ ಅನ್ನುವ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷೆ ಮಾಡುತ್ತದೆ. 2025ರಲ್ಲಿ 94.8% ಪುಟಗಳಲ್ಲಿ ತಪ್ಪು ಸಿಕ್ಕಿತ್ತು, ಅದರಲ್ಲಿ ಜಾಸ್ತಿ ಕಂಡದ್ದು ಮಸುಕಾದ ಅಕ್ಷರ. ಡಬ್ಲ್ಯುಸಿಎಜಿ ಅನ್ನುವ ನಿಯಮಾವಳಿಯ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರ (ಕಾಂಟ್ರಾಸ್ಟ್) ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ವಿನ್ಯಾಸಕಾರರಿಗೆ ಬಹಳ ಇಷ್ಟದ ಒಂದು ಬೂದು ಬಣ್ಣ ಇದೆ, ಕೋಡ್‌ನಲ್ಲಿ 999999 ಅಂತ ಬರೆದರೆ ಬರುತ್ತದೆ. ಬಿಳಿಯ ಮೇಲೆ ಅದರ ಅಂತರ 2.85 ಮಾತ್ರ. ನಾನೂ ಅದನ್ನೇ ಹಾಕಿದ್ದೆ. 595959 ಮಾಡಿದರೆ 7ಕ್ಕೆ ಹೋಗುತ್ತದೆ, ಬಣ್ಣ ಇನ್ನೂ ಬೂದೇ. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನ್ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಕನ್ನಡಕ್ಕೆ ಇನ್ನೊಂದು ತೊಂದರೆ ಇದೆ. ಇಂಗ್ಲಿಷ್ ಲೆಕ್ಕದಲ್ಲಿ ಇಟ್ಟ ಸಣ್ಣ ಅಕ್ಷರದಲ್ಲಿ ನಮ್ಮ ಒತ್ತಕ್ಷರ ಕಾಣುವುದೇ ಇಲ್ಲ. "ಕೊಟ್ಟಿಗೆ"ಯ ಟಾವೊತ್ತು, "ಬೆಟ್ಟೆ"ಯ ಟಾವೊತ್ತು ಒಂದು ಚುಕ್ಕೆಯಾಗಿಬಿಡುತ್ತವೆ, ಸಾಲುಗಳ ನಡುವೆ ಜಾಗ ಕಡಿಮೆ ಇದ್ದರೆ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ನಾನು ಕನ್ನಡ ಬರಹಕ್ಕೆ 18 ಪಿಕ್ಸೆಲ್‌ಗಿಂತ ಕಡಿಮೆ ಇಡುವುದಿಲ್ಲ, ಸಾಲಿನ ಎತ್ತರ ಅಕ್ಷರದ 1.7 ಪಟ್ಟು ಇಡುತ್ತೇನೆ. ಇದು ನಿಯಮ ಅಲ್ಲ, ಅಪ್ಪನ ಕೈಗೆ ಫೋನ್ ಕೊಟ್ಟು ನೋಡಿ ಗೊತ್ತಾಗಿದ್ದು.

ಎರಡು ಬೆರಳಿನಿಂದ ಹಿಗ್ಗಿಸಿದರೆ ಪುಟ ದೊಡ್ಡದಾಗದಿದ್ದರೆ, ಕೋಡ್‌ನ ವ್ಯೂಪೋರ್ಟ್ (viewport) ಸಾಲಿನಲ್ಲಿ ಜೂಮ್ ತಡೆದಿರುತ್ತಾರೆ. ಆ ಮಾತು ಅಳಿಸಿ. ಬಟನ್‌ಗಳು ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಲಿ ಅಂತ 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಹೇಳುತ್ತದೆ, 44 ಇದ್ದರೆ ಬೆರಳು ನಡುಗುವವರಿಗೂ ಸುಲಭ.

ಜೋಗದ ವಿಡಿಯೊ ತಾನಾಗೇ ಓಡಿದರೆ

ಹೋಮ್‌ಸ್ಟೇ ಸೈಟ್ ಅಂದರೆ ಡ್ರೋನ್ ವಿಡಿಯೊ ಇರಲೇಬೇಕು. 253 ಮೀಟರ್ ಮೇಲಿಂದ ಬೀಳುವ ನೀರು, ಅಬ್ಬರದ ಸಂಗೀತ. ಸ್ಕ್ರೀನ್ ರೀಡರ್ ಬಳಸುವವರಿಗೆ ಆ ಸಂಗೀತದ ಅಡಿಯಲ್ಲಿ ಓದುವ ದನಿ ಮುಳುಗಿಹೋಗುತ್ತದೆ, ನಿಲ್ಲಿಸುವ ಬಟನ್ ಹುಡುಕಲೂ ಅದೇ ದನಿ ಬೇಕಲ್ಲ! ತಾನಾಗಿ ಶುರುವಾಗುವುದನ್ನು ತೆಗೆಯಿರಿ. ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗೇ ಓಡುವ ಸ್ಲೈಡ್‌ಶೋ ಇದ್ದರೆ ನಿಲ್ಲಿಸುವ ಬಟನ್ ಇರಬೇಕು, ಓಡುವ ಚಿತ್ರ ಪಕ್ಕದಲ್ಲಿದ್ದರೆ ಎಷ್ಟೋ ಜನರಿಗೆ ಓದಲು ಮನಸ್ಸು ನಿಲ್ಲುವುದಿಲ್ಲ. ವಿಡಿಯೊದಲ್ಲಿ ಯಾರಾದರೂ ಮಾತಾಡಿದ್ದರೆ ಕನ್ನಡದಲ್ಲೇ ಕ್ಯಾಪ್ಷನ್ ಬರೆದು ಹಾಕಿ. ಎರಡು ನಿಮಿಷದ ವಿಡಿಯೊಗೆ ಅರ್ಧ ಗಂಟೆ ಕೆಲಸ.

ಕಿವಿ ಕೇಳದವರ ವಿಷಯಕ್ಕೆ ಬಂದರೆ, "ಏನಾದರೂ ಬೇಕಾದರೆ ಫೋನ್ ಮಾಡಲಿ" ಅನ್ನುವುದು ಉತ್ತರ ಅಲ್ಲ. ಮೆಸೇಜ್ ಅಥವಾ ಇಮೇಲ್ ದಾರಿ ಇರಲಿ, ಅದಕ್ಕೆ ಉತ್ತರ ಕೊಡುವ ಒಬ್ಬರೂ ಇರಲಿ.

ಯಂತ್ರದ ಪರೀಕ್ಷೆ, ಅಂಟಿಸುವ ವಿಜೆಟ್, ಕಾನೂನು

ಕ್ರೋಮ್‌ನಲ್ಲಿ ಲೈಟ್‌ಹೌಸ್ ಇದೆ, ವೇವ್ ಮತ್ತು ಆಕ್ಸ್ ಅನ್ನುವ ಪರೀಕ್ಷೆಯ ಸಾಧನಗಳೂ ಇವೆ. ಲೇಬಲ್ ಇಲ್ಲ, ಆಲ್ಟ್ ಇಲ್ಲ, ಬಣ್ಣ ಮಸುಕು ಅಂತ ಅವು ನಿಮಿಷದಲ್ಲಿ ಹಿಡಿಯುತ್ತವೆ, ಓಡಿಸಿ. ಆದರೆ ಆಲ್ಟ್‌ನಲ್ಲಿ "ಚಿತ್ರ ಒಂದು" ಅಂತಿದ್ದರೆ ಯಂತ್ರ ಪಾಸ್ ಮಾಡುತ್ತದೆ. 100 ಅಂಕ ಬಂದ ಸೈಟಿನಲ್ಲೂ ಬುಕಿಂಗ್ ನಿಲ್ಲಬಹುದು.

ಒಂದು ಸಾಲು ಅಂಟಿಸಿದರೆ ಎಲ್ಲ ಸರಿಯಾಗುತ್ತದೆ ಅಂತ ಮೂಲೆಯಲ್ಲಿ ಗಾಲಿಕುರ್ಚಿಯ ಗುರುತು ತೋರಿಸುವ ವಿಜೆಟ್ ಮಾರುವವರು ಫೋನ್ ಮಾಡುತ್ತಾರೆ. ದುಡ್ಡು ಕೊಡಬೇಡಿ. ಡಿವ್‌ನಿಂದ ಮಾಡಿದ ಕ್ಯಾಲೆಂಡರ್ ಅದರಿಂದ ಸರಿಯಾಗುವುದಿಲ್ಲ. ಸ್ಕ್ರೀನ್ ರೀಡರ್ ಬಳಸುವವರ ಹತ್ತಿರ ಬೇಕಾದ ಸಾಧನ ಮೊದಲೇ ಇದೆ, ಅವರಿಗೆ ಬೇಕಾಗಿರುವುದು ಸರಿಯಾದ ಕೋಡ್.

ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 46ನೇ ಸೆಕ್ಷನ್ ಸರ್ಕಾರಿ ಸೇವೆಗೆ ಮಾತ್ರ ಅಲ್ಲ, ಖಾಸಗಿ ಸೇವೆ ಕೊಡುವವರಿಗೂ ಅನ್ವಯ. ಮೊದಲ ತಪ್ಪಿಗೆ 10 ಸಾವಿರದವರೆಗೆ ದಂಡ, ಮತ್ತೆ ಮಾಡಿದರೆ 50 ಸಾವಿರದಿಂದ 5 ಲಕ್ಷ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13.24 ಲಕ್ಷ ಅಂಗವಿಕಲರಿದ್ದರು. ದಂಡದ ಭಯಕ್ಕಿಂತ ಈ ಸಂಖ್ಯೆಯನ್ನೇ ನಾನು ಮಾಲೀಕರಿಗೆ ಮೊದಲು ಹೇಳುತ್ತೇನೆ.

ಸರಿಯಾಯಿತು ಅಂತ ಯಾರು ಹೇಳಬೇಕು

ನೀವಲ್ಲ. ದೂರು ಕೊಟ್ಟವರೇ ಹೇಳಬೇಕು. ಎಲ್ಲ ಬದಲಾಯಿಸಿದ ಮೇಲೆ ಮೈಸೂರಿನ ಆ ಗ್ರಾಹಕರಿಗೆ ಮತ್ತೆ ಫೋನ್ ಮಾಡಿ, ಅವರ ಸಮಯಕ್ಕೆ ದುಡ್ಡು ಕೊಡುತ್ತೇವೆ, ಒಮ್ಮೆ ಪರೀಕ್ಷೆ ಮಾಡಿಕೊಡಿ ಅಂತ ಕೇಳಿದೆವು. ಏಳು ನಿಮಿಷದಲ್ಲಿ ಬುಕಿಂಗ್ ಮುಗಿಸಿದರು. ಒಂದೇ ತಕರಾರು ಹೇಳಿದರು, ಬರುವ ದಾರಿ ಮ್ಯಾಪ್‌ನಲ್ಲಿ ಮಾತ್ರ ಇದೆ ಅಂತ. ಮ್ಯಾಪ್‌ನ ಕೆಳಗೆ ದಾರಿಯನ್ನು ಮಾತಿನಲ್ಲಿ ಬರೆದೆವು: ಯಾವ ಬಸ್, ಎಲ್ಲಿ ಇಳಿಯಬೇಕು, ಸೇತುವೆ ದಾಟಿದ ಮೇಲೆ ಎಡಕ್ಕೆ ಮಣ್ಣುರಸ್ತೆ, ಮಳೆಗಾಲದಲ್ಲಿ ಹಳ್ಳದ ಸದ್ದು ಬಲಗಡೆಗೆ ಇರುತ್ತದೆ.

ಹೊರಡುವ ವಾರ ಅವರದೇ ಇನ್ನೊಂದು ಪ್ರಶ್ನೆ ಬಂತು. ಜೊತೆಗೆ ಬರುವ ಗೆಳತಿ ಗಾಲಿಕುರ್ಚಿ ಬಳಸುತ್ತಾರೆ, ಒಳಗೆ ಮೆಟ್ಟಿಲು ಎಷ್ಟಿವೆ? ಸೈಟಿನಲ್ಲಿ ಎಲ್ಲೂ ಇರಲಿಲ್ಲ. ಮಾಲೀಕರು ಬಡಗಿಯ ಟೇಪ್ ಹಿಡಿದು ಮನೆಯೆಲ್ಲ ಓಡಾಡಿ ಅಳೆದರು, ನಾನು ಫೋನಿನಲ್ಲಿ ಬರೆದುಕೊಂಡೆ. ಅಂಗಳದಿಂದ ಜಗಲಿಗೆ 3 ಮೆಟ್ಟಿಲು, ಒಂದೊಂದೂ 7 ಇಂಚು. ಹೆಬ್ಬಾಗಿಲ ಹೊಸ್ತಿಲು 5 ಇಂಚು. ಕೆಳಗಿನ ರೂಮಿನ ಬಾಗಿಲು 34 ಇಂಚು, ಬಚ್ಚಲಿನದು 26. ಅಷ್ಟನ್ನೂ ಹಾಗೇ ರೂಮಿನ ಪುಟದಲ್ಲಿ ಹಾಕಿದ್ದೇವೆ, ಬಚ್ಚಲಿನ ಬಾಗಿಲು ಅಗಲ ಮಾಡಿಸುವ ಕೆಲಸ ದೀಪಾವಳಿ ಕಳೆದ ಮೇಲೆ ಶುರುವಾಯಿತು.